ಎಂಜಿನ್ ನಿಂತ ಮೇಲೆ ಮಾತು

ನಿವೃತ್ತಿಯ ದಿನ ನಮ್ಮವರಿಗೆ ಆಫೀಸಿನವರು ಮೈಸೂರು ಪೇಟ ತೊಡಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ನಮ್ಮವರು ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಒಂದು ಹಳೆಯ ಔಟ್‌ಬೋರ್ಡ್ ಎಂಜಿನ್. ಕರಾವಳಿಯ ಗಂಗೊಳ್ಳಿಯಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಗೋಣಿ ಹೊದ್ದು ಮಲಗಿ ಬಂದ ಅದು ಬೆಳಗಿನ ಜಾವ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಇಳಿದು, ಆಟೋ ಹತ್ತಿ, ಅಲ್ಲಾಳಸಂದ್ರದ ನಮ್ಮ ಅಪಾರ್ಟ್‌ಮೆಂಟಿಗೆ ಬಂತು. ಕಾರು ನಿಲ್ಲಿಸುವ ಜಾಗದಲ್ಲಿ ನೀಲಿ ಡ್ರಮ್ಮೊಂದು ಪ್ರತ್ಯಕ್ಷವಾಯಿತು. ಡ್ರಮ್ಮಿಗೆ ನೀರು ತುಂಬಿಸಿ, ಬಾಯಿಗೆ ಅಡ್ಡ ಹಲಗೆ ಬಿಗಿದು, ಎಂಜಿನ್ನನ್ನು ಅದಕ್ಕೆ ತೂಗುಹಾಕಿ, ಭಾನುವಾರ ಬೆಳಿಗ್ಗೆ ಹಗ್ಗ ಎಳೆದರು. ಬೇಸ್‌ಮೆಂಟಿನ ಕಂಬಗಳೆಲ್ಲ ಒಟ್ಟಿಗೆ ಕೆಮ್ಮಿದವು. ನೀಲಿ ಹೊಗೆ ಲಿಫ್ಟಿನ ಜೊತೆ ಮೇಲಿನ ಮಹಡಿಗಳಿಗೂ ಹೋಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಬಂದ ಪ್ರಶ್ನೆ, ಜನರೇಟರ್ ಸುಟ್ಟುಹೋಯಿತೇ ಅಂತ. ಎರಡನೆಯದು, ಟ್ಯಾಂಕರ್ ನೀರಿಗೆ ಎಲ್ಲರೂ ದುಡ್ಡು ಸುರಿಯುತ್ತಿರುವಾಗ ಡ್ರಮ್ಮುಗಟ್ಟಲೆ ಹಿಡಿದಿಟ್ಟಿರುವವರು ಯಾರು ಅಂತ. ಎರಡನೆಯ ಪ್ರಶ್ನೆಗೇ ಹೆಚ್ಚು ಹೆಬ್ಬೆರಳು ಬಿದ್ದವು.

ಡ್ರಮ್ಮು ಶೋಕಿಗಲ್ಲ. ದೋಣಿಯ ಎಂಜಿನ್ನಿಗೆ ಕಾರಿನ ಹಾಗೆ ರೇಡಿಯೇಟರ್ ಇರುವುದಿಲ್ಲ. ಮುಳುಗಿರುವ ಕಾಲಿನಿಂದ ನೀರನ್ನು ಹೀರಿ, ಮೈ ತಂಪು ಮಾಡಿಕೊಂಡು, ಮತ್ತೆ ನೀರಿಗೇ ಬಿಡುತ್ತದೆ. ಹೀರುವ ಕೆಲಸ ಅಂಗೈಗಿಂತ ಚಿಕ್ಕದಾದ ಒಂದು ರಬ್ಬರ್ ಚಕ್ರದ್ದು. ಹಿಂಬದಿಯ ತೂತಿನಿಂದ ದಾರದಷ್ಟು ತೆಳ್ಳಗೆ ನೀರು ಚಿಮ್ಮುತ್ತಿದ್ದರೆ ಎಲ್ಲ ಕ್ಷೇಮ. ದಾರ ಕಡಿದರೆ ತಕ್ಷಣ ಆಫ್ ಮಾಡಬೇಕು, ಇಲ್ಲದಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಉಪ್ಪುನೀರಲ್ಲಿ ಓಡಿ ಬಂದದ್ದನ್ನು ಸಿಹಿನೀರಲ್ಲಿ ಓಡಿಸಿ ತೊಳೆಯಬೇಕು, ಒಳದಾರಿಗಳಲ್ಲಿ ಉಪ್ಪು ಕಟ್ಟದ ಹಾಗೆ. ಇಷ್ಟನ್ನೂ ಅಸೋಸಿಯೇಷನ್ ಸೆಕ್ರೆಟರಿಗೆ ವಿವರಿಸಿ, ಕೊನೆಯಲ್ಲಿ ಡ್ರಮ್ಮಿನ ನೀರನ್ನು ಗಿಡಗಳಿಗೆ ಹಾಕುವುದಾಗಿ ನಮ್ಮವರು ಮಾತು ಕೊಟ್ಟರು. ಸೆಕ್ರೆಟರಿ ಡ್ರಮ್ಮಿನೊಳಗೆ ಇಣುಕಿ, ಮೇಲೆ ತೇಲುತ್ತಿದ್ದ ಎಣ್ಣೆಯ ಕಾಮನಬಿಲ್ಲು ನೋಡಿ, "ಬೇಡ ಬಿಡಿ ಸಾರ್" ಅಂದರು.

ಅಲ್ಲಾಳಸಂದ್ರದ ಕೆರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಎಂಜಿನ್ ಬಂದ ಮೇಲೆ ಬೆಳಗಿನ ವಾಕಿಂಗಿನಲ್ಲಿ ನಮ್ಮವರು ಕೆರೆಯನ್ನು ನೋಡುವ ರೀತಿಯೇ ಬೇರೆಯಾಯಿತು. ಅವರೇ ಲೆಕ್ಕ ಹಾಕಿ ಹೇಳಿದರು: ಇಲ್ಲಿನ ಕೋಡಿ ಹರಿದರೆ ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ, ಕೊನೆಗೆ ತಮಿಳುನಾಡಿನ ಕಡಲೂರಿನ ಹತ್ತಿರ ಬಂಗಾಳಕೊಲ್ಲಿಗೆ. "ತಪ್ಪು ಕಡಲು" ಅಂತ ತಾವೇ ತೀರ್ಪನ್ನೂ ಕೊಟ್ಟರು. ಆಕಾಶದಲ್ಲಿ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನ ಗುರ್ ಅನ್ನುತ್ತಿತ್ತು. 1948ರಿಂದ ಹುಡುಗರಿಗೆ ಹಾರುವುದನ್ನು ಕಲಿಸುವ ಜಾಗ ಇಲ್ಲೇ ಇದೆ. ಹೆದ್ದಾರಿಯ ಆಚೆಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಶುರುವಾದದ್ದು ಈ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿಯೇ. ರಾಗಿ, ಅವರೆಯ ಊರಿನವರು ಮೀನಿನ ಪಾಠದ ಹೊಣೆ ಹೊತ್ತಿದ್ದರು ಎನ್ನುವುದು ನನಗೆ ಸಮಾಧಾನದ ವಿಷಯ. ನಾನು ಶಿರಾ ಕಡೆಯವಳು. ನಮ್ಮೂರಲ್ಲಿ ನೀರು ಎಂದರೆ ಬೋರ್‌ವೆಲ್ಲಿನಲ್ಲಿ ಸಿಕ್ಕಿತೇ ಇಲ್ಲವೇ ಎಂಬುದಷ್ಟೇ. ಅದರ ಮೇಲೆ ಹೋಗುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಈ ಜಾತಿಯ ಎಂಜಿನ್ನಿನ ಹುಟ್ಟಿನ ಕತೆಯನ್ನು ನಮ್ಮವರು ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಬಡಿಸುತ್ತಾರೆ. ಓಲೆ ಎವಿನ್‌ರೂಡ್ ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮನೆಯವರ ಜೊತೆ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದವನು. 1906ರ ಬೇಸಿಗೆಯಲ್ಲಿ ಸರೋವರದ ದಂಡೆಗೆ ಪಿಕ್‌ನಿಕ್ ಹೋಗಿದ್ದಾಗ ಬೆಸ್ ಕ್ಯಾರಿ ಎಂಬ ಹುಡುಗಿಗೆ ಐಸ್‌ಕ್ರೀಂ ತಿನ್ನುವ ಮನಸ್ಸಾಯಿತಂತೆ. ಅಂಗಡಿ ಆಚೆ ದಡದಲ್ಲಿ. ಬಿಸಿಲಲ್ಲಿ ಹುಟ್ಟು ಹಾಕಿ ಹೋಗಿ, ಹುಟ್ಟು ಹಾಕಿಕೊಂಡೇ ಬರುವಷ್ಟರಲ್ಲಿ ಐಸ್‌ಕ್ರೀಂ ಪಾಯಸವಾಗಿತ್ತು. ಅವತ್ತೇ ಅವನ ತಲೆಯಲ್ಲಿ ದೋಣಿಗೆ ಎಂಜಿನ್ ಹತ್ತಿಕೊಂಡಿತು ಎನ್ನುತ್ತಾರೆ. ಅದೇ ವರ್ಷ ಇಬ್ಬರ ಮದುವೆಯೂ ಆಯಿತು. 1909ರಲ್ಲಿ ಮಾರಾಟಕ್ಕೆ ಬಂದ ಅವನ ಎಂಜಿನ್ನಿನ ಶಕ್ತಿ ಒಂದೂವರೆ ಎಚ್‌ಪಿ, ತೂಕ ಸುಮಾರು 28 ಕಿಲೋ.

ನಮ್ಮವರ ಕತೆ ಇಲ್ಲಿಗೆ ಮುಗಿಯುತ್ತದೆ. ಬೆಸ್ಸಳ ಕತೆ ಶುರುವಾಗುವುದೇ ಇಲ್ಲಿಂದ. ಗಂಡ ಮಾಡಿಕೊಂಡು ಬಂದ ಕಬ್ಬಿಣದ ವಸ್ತುವನ್ನು ನೋಡಿ ಅವಳು ಹೇಳಿದ್ದು, ಕಾಫಿಬೀಜ ಅರೆಯುವ ಯಂತ್ರದ ಹಾಗಿದೆ ಅಂತ. ಹಾಗೆಂದವಳೇ ಜಾಹೀರಾತು ಬರೆದಳು, ಹುಟ್ಟುಗಳನ್ನು ಎಸೆದುಬಿಡಿ ಎಂದು ಜನರಿಗೆ ಕರೆ ಕೊಟ್ಟಳು, ಪತ್ರವ್ಯವಹಾರ ನೋಡಿಕೊಂಡಳು. ನಿಜ ಹೇಳಬೇಕೆಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ ಮಾಡಿದವರಲ್ಲಿ ಓಲೆ ಮೊದಲಿಗನೇನಲ್ಲ. ಕ್ಯಾಮರಾನ್ ವಾಟರ್‌ಮನ್ ಎಂಬಾತ ಅವನಿಗಿಂತ ಮುಂಚೆಯೇ ಮಾಡಿ ಮಾರುತ್ತಿದ್ದ. ಆದರೆ ಅವನ ಮನೆಯಲ್ಲಿ ಬೆಸ್ ಇರಲಿಲ್ಲ. ದುಡಿದು ದುಡಿದು ಅವಳ ಆರೋಗ್ಯ ಕೆಟ್ಟಾಗ, 1914ರಲ್ಲಿ ಓಲೆ ಕಂಪನಿಯ ತನ್ನ ಪಾಲನ್ನೇ ಮಾರಿ, ಹೆಂಡತಿ ಮಗನನ್ನು ಕರೆದುಕೊಂಡು ಊರೂರು ಸುತ್ತಲು ಹೊರಟ. ನನಗೆ ಆ ಮನುಷ್ಯನ ಮೇಲೆ ಗೌರವ ಬಂದದ್ದು ಎಂಜಿನ್ನಿಗಲ್ಲ, ಇದಕ್ಕೆ. ಆಮೇಲೆ ಅಲ್ಯೂಮಿನಿಯಂ ಬಳಸಿ ಹಗುರವಾದ ಎಂಜಿನ್ ಮಾಡಿಕೊಂಡು ಇಬ್ಬರೂ ಮತ್ತೆ ಅದೇ ವ್ಯಾಪಾರಕ್ಕೆ ಬಂದರು. ಅವಳು 1933ರಲ್ಲಿ ಹೋದಳು, ಅವನು ಮರುವರ್ಷ. ಎವಿನ್‌ರೂಡ್ ಎಂಬ ಹೆಸರಿನ ಎಂಜಿನ್ ತಯಾರಿಕೆ 2020ರವರೆಗೂ ನಡೆಯಿತು.

ನಮ್ಮ ಕರಾವಳಿಯಲ್ಲಿ ಈ ಜಾತಿಯ ಎಂಜಿನ್ ಎಂದರೆ ಜಪಾನಿನದೇ. ಯಮಹಾದವರು ಮೊದಲ ಔಟ್‌ಬೋರ್ಡ್ ಮಾಡಿದ್ದು 1960ರಲ್ಲಿ. ಅದು ಇಲ್ಲಿನ ಮನೆಮಾತಾಗಲು ಇನ್ನೂ ಎರಡು ದಶಕವಾದರೂ ಬೇಕಾಯಿತು. ನಮ್ಮ ಮಾವನವರು ಹಾಯಿ, ಹುಟ್ಟು, ರಂಪಣಿಯ ಕಾಲದವರು. ದಡದಿಂದ ದೋಣಿಯಲ್ಲಿ ಬಲೆ ಬಳಸಿಕೊಂಡು ಬಂದು, ಎರಡು ತುದಿಗಳನ್ನೂ ಊರಿಗೆ ಊರೇ ಹಿಡಿದು ಎಳೆಯುವುದು ರಂಪಣಿ. ಎಪ್ಪತ್ತರ ದಶಕದ ಕೊನೆಗೆ ಪರ್ಸಿನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿ ಮೀನುಗಳನ್ನು ದಡದ ಹತ್ತಿರ ಬರುವ ಮುಂಚೆಯೇ ಆಳದಲ್ಲೇ ಬಳಿದುಕೊಂಡು ಹೋದವು. ರಂಪಣಿ ಮೂಲೆ ಸೇರಿತು. ಮೀನು ದಡಕ್ಕೆ ಬರದಿದ್ದರೆ ನಾಡದೋಣಿಯೇ ಮೀನಿದ್ದಲ್ಲಿಗೆ ಹೋಗಬೇಕಲ್ಲ, ಹಾಗಾಗಿ ದೋಣಿಯ ಹಿಂಬದಿಗೆ ಎಂಜಿನ್ ಬಂತು. ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಉಪಾಯ ಬಂತು. ಸಬ್ಸಿಡಿ ಸೀಮೆಎಣ್ಣೆ ಈ ಸಲವಾದರೂ ಬಂತೇ ಎನ್ನುವುದು ಕುಶಲ ಪ್ರಶ್ನೆಯ ಜಾಗ ಹಿಡಿಯಿತು. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧದಲ್ಲೂ ಹತ್ತು ಎಚ್‌ಪಿವರೆಗಿನ ಎಂಜಿನ್ನಿನ ನಾಡದೋಣಿಗೆ ವಿನಾಯಿತಿ ಇದೆ. ನಮ್ಮದು 9.9. ಈ ಸಂಖ್ಯೆಯನ್ನು ನಮ್ಮವರು ಮಗನ ಮಾರ್ಕ್ಸಿಗಿಂತ ಹೆಮ್ಮೆಯಿಂದ ಹೇಳುತ್ತಾರೆ.

ಎಂಜಿನ್ ಇತ್ತು, ದೋಣಿಯನ್ನು ನಾದಿನಿಯ ಮಗನಿಂದ ಕೊಂಡೆವು. ಹಳೆಯ ಫೈಬರ್ ದೋಣಿ, ತೆಂಗಿನ ಬುಡದಲ್ಲಿ ಮಗುಚಿ ಹಾಕಿದ್ದದ್ದು. ಗಂಗೊಳ್ಳಿಯಿಂದ ಉತ್ತರಕ್ಕೆ ಹೊರಟು ತದಡಿಯವರೆಗೆ ಹೋಗುವುದು ಎಂದಾಯಿತು. ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಹೆದ್ದಾರಿಯಲ್ಲಾದರೆ ಒಂದು ಊಟಕ್ಕೂ ಇನ್ನೊಂದು ಕಾಫಿಗೂ ನಡುವೆ ಮುಗಿದುಹೋಗುವ ದಾರಿ. ನಾವು ಹೊರಟದ್ದು ಪುಷ್ಯ ಮಾಸದಲ್ಲಿ. ಆಗ ಬೆಳಗಿನ ಹೊತ್ತು ಗಾಳಿ ಗುಡ್ಡದ ಕಡೆಯಿಂದ ಮೆಲ್ಲಗೆ ಬೀಸಿ ಕಡಲು ಮಟ್ಟಸವಾಗಿರುತ್ತದೆ. ಬಿಸಿಲೇರಿದ ಮೇಲೆ ವಾಯವ್ಯದ ಗಾಳಿ ಎದ್ದು ಅಲೆಗೆ ಹಲ್ಲು ಮೂಡುತ್ತದೆ. ಆದ್ದರಿಂದ ಬೆಳಕು ಹರಿಯುವಾಗ ಹೊರಟು ತಿಂಡಿಯ ಹೊತ್ತು ಕಳೆಯುತ್ತಲೇ ಯಾವುದಾದರೂ ಅಳಿವೆ ಹಿಡಿದು ಒಳಗೆ ಸೇರಿಕೊಳ್ಳಬೇಕು. ಒಳಗೆ ಸೇರಲೂ ಭರತ ಬರುವವರೆಗೆ ಕಾಯಬೇಕು. ನಮ್ಮ ಪ್ರಯಾಣ ಸಾವಕಾಶವಾಗಿತ್ತು ಎಂದು ಕೇಳಿದವರು ಮೆಚ್ಚಿಕೊಳ್ಳುತ್ತಾರೆ. ಸಾವಕಾಶ ನಮ್ಮ ಗುಣವಲ್ಲ, ಅಳಿವೆಯ ಹಟ.

ಗಂಗೊಳ್ಳಿಯಲ್ಲೇ ಕರಾವಳಿ ಕಾವಲು ಪೊಲೀಸರೊಬ್ಬರು ಕಾಗದಪತ್ರ, ಲೈಫ್ ಜಾಕೆಟ್ ನೋಡಿ, "ಮೀನಿಗಾ?" ಅಂದರು. ಅಲ್ಲ ಅಂದರು ನಮ್ಮವರು. "ಟೂರಿಸ್ಟಾ?" ಅದೂ ಅಲ್ಲ. "ಮತ್ತೆ?" ನಮ್ಮವರು ನನ್ನ ಕಡೆ ಕೈ ತೋರಿಸಿ, "ಹೆಂಡ್ತಿ" ಅಂದರು. ಅಷ್ಟಕ್ಕೇ ಅವರಿಗೆ ಪೂರ್ತಿ ಅರ್ಥವಾದ ಹಾಗಿತ್ತು, ಬಿಟ್ಟರು.

ಸಿನಿಮಾದಲ್ಲಿ ಮೋಟಾರ್ ದೋಣಿಯಲ್ಲಿ ಕೂತ ಗಂಡು ಹೆಣ್ಣು ಮಾತಾಡುತ್ತಾರೆ, ಹಾಡುತ್ತಾರೆ. ಎಲ್ಲ ಸುಳ್ಳು. ಹಳೆಯ ಟೂ-ಸ್ಟ್ರೋಕ್ ಎಂಜಿನ್ ಮೊಳದ ದೂರದಲ್ಲಿ ಬೊಬ್ಬೆ ಹೊಡೆಯುತ್ತಿರುವಾಗ "ನೀರು ಕೊಡಿ" ಅನ್ನುವುದಕ್ಕೂ ಕೈಸನ್ನೆಯೇ ಗತಿ. ಅವರು ಹಿಂದೆ, ಎಂಜಿನ್ನಿನ ಹಿಡಿ ಹಿಡಿದು. ನಾನು ಮುಂದೆ, ಹಾಸಿದ ಗೋಣಿಯ ಮೇಲೆ, ಬೆನ್ನು ಅವರಿಗೆ. ಸಂಸಾರದಲ್ಲಿ ಮಾತಿಗೆ ಮಾತು ಬೆಳೆಸಿ ರೂಢಿಯಾದ ನನಗೆ ಮೊದಲ ಬೆಳಿಗ್ಗೆ ಬಾಯಿ ಕಟ್ಟಿಹಾಕಿದಂತಾಯಿತು. ಕೇಳಬೇಕಾದ್ದು, ಅನ್ನಬೇಕಾದ್ದು, ಬೈಯಬೇಕಾದ್ದನ್ನೆಲ್ಲ ಎಂಜಿನ್ ನಿಲ್ಲಲಿ ಅಂತ ಮನಸ್ಸಲ್ಲೇ ಪೇರಿಸಿಟ್ಟುಕೊಂಡೆ. ನಿಂತಾಗ ಅರ್ಧಕ್ಕರ್ಧ ಮರೆತುಹೋಗಿತ್ತು. ಉಳಿದದ್ದನ್ನು ಹೇಳಲು ನನಗೇ ಬೇಜಾರಾಯಿತು. ಭಟ್ಕಳ ತಲುಪುವ ಹೊತ್ತಿಗೆ ನಾನು ಕಾಯುತ್ತಿದ್ದದ್ದು ಎಂಜಿನ್ ಆಫ್ ಮಾಡುವ ಆ ಗಳಿಗೆಗೇ.

ಮುರುಡೇಶ್ವರದ ರಾಜಗೋಪುರ ಬಲಕ್ಕೆ ಕಂಡು, ಎಡಕ್ಕೆ ದೂರದಲ್ಲಿ ನೇತ್ರಾಣಿ ದ್ವೀಪ ಗುಡ್ಡದ ಬೆನ್ನಿನಷ್ಟೇ ಕಾಣುತ್ತಿದ್ದಾಗ ಅವರು ಎಂಜಿನ್ ಆಫ್ ಮಾಡಿ ಲಂಗರು ಬಿಟ್ಟರು. ನಾನು ಬುತ್ತಿ ಬಿಚ್ಚಿದೆ. ಅವರು ಅವಲಕ್ಕಿ ಕೈಯಲ್ಲೇ ಹಿಡಿದು, ಕೇಳದೆಯೇ ಹೇಳಿದರು: "ನಂಗೆ ಚಿಕ್ಕದಿಪ್ಪತಿಗೆ ಕಡಲ್ ಆತಿರ್ಲಿಲ್ಲೆ ಮಾರಾಯ್ತಿ. ದೋಣಿ ಹತ್ರೆ ಸಾಕ್, ಕಾರುದೇ." ಮೀನುಗಾರರ ಮನೆಯ ಹುಡುಗ ದೋಣಿ ಹತ್ತಿದರೆ ವಾಂತಿ. ಓದು ತಲೆಗೆ ಹತ್ತಿತು, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂತಲೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ, ನಮ್ಮ ಕಡೆಯವರಿಗೂ ಹಾಗೇ ಹೇಳಿದ್ದೆ. ಅಪ್ಪ ಬೈಯಲಿಲ್ಲವಂತೆ. ಶಾಲೆಗೆ ಕಳಿಸಿ, ಊರಿನವರ ಹತ್ತಿರ, ಹುಡುಗ ಲೆಕ್ಕದಲ್ಲಿ ಚುರುಕು ಅಂದರಂತೆ. ನಿವೃತ್ತಿಯಾದ ಮೇಲೆ ಇದೇನು ಹುಚ್ಚು ಎಂಬ ನನ್ನ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು. ಈಗ ವಾಂತಿ ಬರುವುದಿಲ್ಲವೇ ಅಂದೆ. "ಮಾತ್ರೆ ತಕಂಡಿದೆ" ಅಂದರು.

ಹೊನ್ನಾವರ ನಮ್ಮನ್ನು ಸುಲಭಕ್ಕೆ ಒಳಗೆ ಬಿಡಲಿಲ್ಲ. ಶರಾವತಿಯ ಅಳಿವೆಯಲ್ಲಿ ಮರಳು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಮುಂದೆ ಹೋಗುತ್ತಿದ್ದ ಬೋಟಿನ ದಾರಿಯನ್ನೇ ಹಿಡಿದು ಹೋದರೂ ನಮ್ಮ ಎಂಜಿನ್ನಿನ ಫ್ಯಾನು ದಿಬ್ಬಕ್ಕೆ ತಾಗಿತು. ಎಂಜಿನ್ ಕಿರುಚಿಕೊಂಡಿತು, ದೋಣಿ ನಿಂತಿತು. ಪಿನ್ ಕಟ್ಟಾಗಿತ್ತು. ಫ್ಯಾನನ್ನು ದಂಡಕ್ಕೆ ಹಿಡಿದಿಡುವ ಈ ಪಿನ್ನನ್ನು ಮೆತ್ತಗಿನ ಲೋಹದಲ್ಲಿ ಮಾಡಿರುವುದೇ ಮುರಿಯಲಿ ಅಂತ. ಅದು ಮುರಿಯದಿದ್ದರೆ ಒಳಗಿನ ಗೇರು ಹಲ್ಲು ಉದುರಿಸಿಕೊಳ್ಳುತ್ತದೆ. ನಮ್ಮವರು ಜರ್ದಾ ಡಬ್ಬಿಯಲ್ಲಿ ಬೇರೆ ಪಿನ್ನುಗಳನ್ನು ಇಟ್ಟುಕೊಂಡಿದ್ದರು. ಎಂಜಿನ್ ಎತ್ತಿ, ಅರ್ಧ ಮೈ ಹೊರಗೆ ಬಾಗಿಸಿ, ಇಕ್ಕಳದಲ್ಲಿ ತುಂಡು ಕೀಳುತ್ತಿರುವಾಗ ನನ್ನ ಕೈಗೆ ಹುಟ್ಟು ಬಂತು. "ಬಲಕ್ ಒತ್ತ್! ಒತ್ತ್ ಅಂದೆ!" ನಾನು ಒತ್ತಿದೆ. ಯಾವುದು ಯಾರ ಬಲ ಎಂಬ ಚರ್ಚೆಗೆ ಅಲ್ಲಿ ಅವಕಾಶವಿತ್ತು, ಎಂಜಿನ್ನೂ ನಿಂತಿತ್ತು, ಆದರೂ ಇಬ್ಬರೂ ಮಾತು ಬೆಳೆಸಲಿಲ್ಲ. ಹುಟ್ಟು ಎಸೆದುಬಿಡಿ ಎಂದು ಬೆಸ್ ಬರೆದದ್ದನ್ನು ನಾನು ಅವತ್ತಿಗೆ ಒಪ್ಪಲಿಲ್ಲ. ಒಳಗೆ ಬಂದ ಮೇಲೆ ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ರೈಲೊಂದು ಹೊಳೆ ದಾಟುವುದನ್ನು ಬೆವರೊರೆಸಿಕೊಳ್ಳುತ್ತ ನೋಡಿದೆವು.

ಸೇತುವೆಗಳಿಲ್ಲದ ಕಾಲದಲ್ಲಿ ಈ ಕರಾವಳಿಯ ಹೆದ್ದಾರಿಯೇ ಕಡಲಾಗಿತ್ತು. ಮುಂಬೈಯಿಂದ ಸ್ಟೀಮರುಗಳು ಬಂದು ದಡದಿಂದ ದೂರ ಆಳದಲ್ಲಿ ನಿಲ್ಲುತ್ತಿದ್ದವು. ಜನ, ಗಂಟು, ಕೂಸು, ಕೋಳಿ ಎಲ್ಲ ದೋಣಿಗೆ ಇಳಿದು ದಡ ಸೇರಬೇಕು. ಮಳೆಗಾಲದಲ್ಲಿ ಅದೂ ಇಲ್ಲ. 1880ರ ದಶಕದಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಬೆಳದಿಂಗಳಲ್ಲಿ ಮರಳಿ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹುಟ್ಟಿನ ದೋಣಿ, ಸದ್ದಿಲ್ಲದ ಹೊಳೆ. 9.9 ಎಚ್‌ಪಿಯಲ್ಲಿ ಆ ಭಾಗ್ಯ ಸಿಗುವುದು ಆಫ್ ಮಾಡಿದಾಗ ಮಾತ್ರ.

ಕಾರವಾರದವರೆಗೆ ಹೋಗುವ ಆಸೆ ನಮ್ಮವರಿಗಿತ್ತು. ಅತ್ತ ನೌಕಾನೆಲೆಯ ನೀರು, ನಮ್ಮಂಥವರು ಅಡ್ಡಾಡುವ ಜಾಗವಲ್ಲ ಎಂದು ತದಡಿಯಲ್ಲೇ ನಿಂತೆವು. ಅಘನಾಶಿನಿಯ ಅಳಿವೆ ವಿಶಾಲವಾಗಿದೆ. ಮೇಲೆಲ್ಲೂ ಅಣೆಕಟ್ಟಿಲ್ಲದ ಹೊಳೆ ಅದು. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಇಳಿತದಲ್ಲಿ ಹೆಂಗಸರು ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಆಯುತ್ತಿದ್ದರು. ಒಬ್ಬಾಕೆ ನಮ್ಮ ದೋಣಿಯಲ್ಲಿ ಬಲೆಯಿಲ್ಲ, ಬುಟ್ಟಿಯಿಲ್ಲ ಎನ್ನುವುದನ್ನು ಗಮನಿಸಿ, "ಏನೂ ಸಿಗ್ಲಿಲ್ವಾ?" ಎಂದು ಕನಿಕರದಿಂದ ಕೇಳಿ ಒಂದು ಬೊಗಸೆ ಬಳಚು ಹಾಕಿದಳು. ತದಡಿಯಿಂದ ಅಘನಾಶಿನಿ ಊರಿಗೆ ಬೈಕುಗಳನ್ನು ಹೊತ್ತು ಬಾರ್ಜ್ ಹೋಗಿ ಬರುತ್ತಿತ್ತು. ಬೈಕಿನವರೆಲ್ಲ ಮೊಬೈಲ್ ನೋಡುತ್ತಿದ್ದರು.

ಹಿಂದಿರುಗುವಾಗ ಬೆನ್ನುನೋವು ಎಂದು ನೆಪ ಹೇಳಿ ನಾವು ಕುಮಟೆಯಿಂದ ಬಸ್ಸು ಹಿಡಿದೆವು. ದೋಣಿ ತರಲು ನಾದಿನಿಯ ಮಗನೇ ಹೋದ. ಕತ್ತಲಿರುವಾಗಲೇ ತದಡಿ ಬಿಟ್ಟವನು ಅದೇ ದಿನ ಗಂಗೊಳ್ಳಿ ಮುಟ್ಟಿ, ಮೀನು ಸಾರು ಅನ್ನ ಉಂಡು, ಫೋನ್ ಮಾಡಿದ. ನಾವಿನ್ನೂ ಊರಿನಿಂದ ಬಂದ ಬಟ್ಟೆಗಳನ್ನು ಬಾಲ್ಕನಿಯಲ್ಲಿ ಒಣಹಾಕುತ್ತಿದ್ದೆವು.

"ಅತ್ತೆ, ಇಷ್ಟ್ ದೂರಕ್ಕೆ ನೀವಿಬ್ರ್ ಅಷ್ಟ್ ದಿನ ಎಂತ ಮಾಡ್ತಿದ್ರಿ?"

ನಾನು ಬಾಯಿ ತೆರೆಯುವ ಮುಂಚೆ ನಮ್ಮವರು ಫೋನ್ ಕಿತ್ತುಕೊಂಡು, "ಎಣ್ಣೆ ಎಷ್ಟ್ ಕುಡೀತಾ?" ಅಂತ ಕೇಳಿದರು.