ತಣಿಯುವ ಸಿಲಿಂಡರು

ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರಿಗೂ ಪಂಪಿನ ಬುಡ ಬಿಸಿಯೇರುವುದು ಗೊತ್ತು. ವಾಸ್ಕೋ ಕಡೆಯ ಡೈವಿಂಗ್ ಅಂಗಡಿಯೊಂದರ ಹಿತ್ತಲಲ್ಲಿ ಕಂಪ್ರೆಸರ್ ನಡೆಸುವ ಆ ಹುಡುಗನಿಗೂ ಮೊದಲು ತಿಳಿದಿದ್ದ ವಿಜ್ಞಾನ ಅಷ್ಟೇ. ಹೆತ್ತವರು ವಿಜಯಪುರದ ಕಡೆಯಿಂದ ಕೂಲಿಗೆಂದು ಬಂದು ಗೋವೆಯಲ್ಲಿಯೇ ನೆಲೆಸಿದವರು. ಬಿಸಿ ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಟ್ಟು ಆರಿಸುವ ತಾಯಿಯನ್ನು ಕಂಡು ಬೆಳೆದವನಿಗೆ, ಸಿಲಿಂಡರನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಗಾಳಿ ತುಂಬುವ ಪದ್ಧತಿ ಸಹಜವೆನಿಸಿತ್ತು.

ಗ್ರಾಂಡೆ ದ್ವೀಪಕ್ಕೆ ದೋಣಿ ಹೊರಡುವ ಮುನ್ನ ಎಲ್ಲವೂ ತುಂಬಿರಬೇಕು. ಸುಮಾರು 11 ಲೀಟರ್ ಒಳಗಾತ್ರದ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡ. ಅವಸರದಲ್ಲಿ ತುಂಬಿ, ಒಳಗಿನ ಗಾಳಿ 50 ಡಿಗ್ರಿಗೆ ಏರಿದ್ದಾಗ ಮುಳ್ಳು 200 ತೋರಿಸಿದರೆ, 28 ಡಿಗ್ರಿಗೆ ಇಳಿದಾಗ ಸುಮಾರು 186ಕ್ಕೆ ನಿಲ್ಲುತ್ತದೆ. ಗಾಳಿ ಎಲ್ಲಿಗೂ ಸೋರಿಲ್ಲ. ಬಿಸಿಯೇ ಮುಳ್ಳನ್ನು ಎತ್ತಿಹಿಡಿದಿತ್ತು. ಆ ಕೊರತೆ ಹತ್ತಿರಹತ್ತಿರ 150 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 10 ಮೀಟರ್ ಆಳದಲ್ಲಿ ಅದರ ಇಮ್ಮಡಿ ಬೇಕು; ಅಂದರೆ ಕಳೆದುಹೋದದ್ದು ನಾಲ್ಕು ನಿಮಿಷದ ಉಸಿರು.

ತೊಟ್ಟಿಯ ನೀರು ಬಿಸಿಯನ್ನು ಹೀರುತ್ತದೆ, ನಿಜ. ಆದರೆ ಒಳಗಿನ ಗಾಳಿ ತನ್ನ ಬಿಸಿಯನ್ನು ಲೋಹಕ್ಕೆ ಬಿಟ್ಟುಕೊಡಲು ಸಮಯ ಬೇಕು. ರಭಸದಿಂದ ತುಂಬುವಾಗ ಆ ಸಮಯವೇ ಸಿಗುವುದಿಲ್ಲ. ಸಿಲಿಂಡರು ಸಿಡಿದರೂ ನೀರು ತಡೆಯುತ್ತದೆಂಬ ನಂಬಿಕೆಯೊಂದಿದೆ. ಅದು ಕೇವಲ ಭ್ರಮೆ. ನೀರು ಕುಗ್ಗದು, ಆಘಾತವನ್ನು ದಾಟಿಸಿಬಿಡುತ್ತದೆ.

ಇದಕ್ಕಿಂತ ಕಳ್ಳ ಅಪಾಯವೆಂದರೆ ವಾಲ್ವಿನ ಬಾಯಲ್ಲಿ ಕುಳಿತ ಹನಿ. ಕೊಳವೆ ಜೋಡಿಸಿದೊಡನೆ ಗಾಳಿ ಅದನ್ನು ಒಳಕ್ಕೆ ತಳ್ಳುತ್ತದೆ. ಉಕ್ಕಿನ ಸಿಲಿಂಡರಾದರೆ ತುಕ್ಕು. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಆ ತುಕ್ಕು ಒಳಗಿನ ಆಮ್ಲಜನಕವನ್ನೇ ತಿನ್ನುತ್ತದೆ. ಮುಳ್ಳು ಒತ್ತಡವಿದೆಯೆಂದೇ ತೋರಿಸುತ್ತಿರುತ್ತದೆ, ಉಸಿರೆಳೆದವನಿಗೆ ಎಚ್ಚರ ತಪ್ಪಬಹುದು.

ವಾರ್ಷಿಕ ತಪಾಸಣೆಯ ದಿನ ವಾಲ್ವ್ ಕಳಚಿ ಒಳಗೆ ದೀಪ ಇಳಿಬಿಟ್ಟಾಗ, ಒಂದರ ತಳದಲ್ಲಿ ಚಮಚದಷ್ಟು ನೀರು, ಸುತ್ತ ಬಿಳಿಯ ಪುಡಿ ಕಂಡಿತು. ಯಜಮಾನರು ಬೈಯಲಿಲ್ಲ. “ಇದನ್ನು ಹೊತ್ತು ಎಷ್ಟು ಜನ ಇಳಿದರೋ” ಎಂದಷ್ಟೇ ಅಂದರು. ಆ ರಾತ್ರಿ ಹುಡುಗನಿಗೆ ಊಟ ಸೇರಲಿಲ್ಲ.

ಕನ್ನಡದಲ್ಲಿ ‘ತಣಿ’ ಎಂದರೆ ಆರುವುದೂ ಹೌದು, ತೃಪ್ತಿಯಾಗುವುದೂ ಹೌದು. ಸಿಲಿಂಡರಿನ ವಿಷಯದಲ್ಲಿ ಎರಡೂ ಒಂದೇ: ತಣಿಯದೆ ಅದು ತಣಿಯದು. ಈಗ ಅವನು ಒಂದು ಗಂಟೆ ಮೊದಲೇ ಏಳುತ್ತಾನೆ. ವಾಲ್ವನ್ನು ಕ್ಷಣಕಾಲ ತೆರೆದು ಹನಿಯನ್ನು ಹೊರಗೆ ಊದಿಸುತ್ತಾನೆ. ಒಣನೆಲದ ಮೇಲೆ ನಾಲ್ಕನ್ನು ಒಟ್ಟಿಗೆ ಜೋಡಿಸಿ, ನಿಮಿಷಕ್ಕೆ 20 ಬಾರ್ ಮೀರದಂತೆ ತುಂಬುತ್ತಾನೆ. ಆರಿದ ಮೇಲೆ ಅಂಗೈಯಿಟ್ಟು ನೋಡಿ, ಕೊರತೆಯನ್ನು ಮತ್ತೆ ತುಂಬುತ್ತಾನೆ. ತೊಟ್ಟಿ ಅಲ್ಲಿಯೇ ಇದೆ. ಸಂಜೆ ಮರಳಿದವರು ಅದರಲ್ಲಿ ಉಪ್ಪುಹಿಡಿದ ಮುಖವಾಡಗಳನ್ನು ತೊಳೆದುಕೊಳ್ಳುತ್ತಾರೆ.