ಬಿಜ್ಜಳನ ಪಾರ್ಟು

ಕಲ್ಯಾಣದ ಕಥೆಯನ್ನು ಯಾವ ನಾಟಕ ಕಂಪನಿ ಆಡಿದರೂ ಜನ ಬರುವುದು ಬಸವಣ್ಣನನ್ನು ನೋಡಲು. ಅದು ಸಹಜ. ಆದರೆ ನಾಟಕ ನಿಲ್ಲುವುದು ಬಿಜ್ಜಳನ ಮೇಲೆ. ಸಿಂಹಾಸನದಲ್ಲಿ ಕೂತವನಿಗೆ ಗತ್ತು ಇಲ್ಲದಿದ್ದರೆ ಅವನೆದುರು ನಿಂತ ಭಂಡಾರಿ ಬಸವಣ್ಣನ ಮಾತಿಗೆ ತೂಕ ಎಲ್ಲಿಂದ ಬರಬೇಕು? ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ಜನರ ಮನಸ್ಸಿನಲ್ಲಿ ನೆಲೆಯಾಗಿಬಿಟ್ಟರು. ಬಾಳಪ್ಪನವರು ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡಾಗ ನಾಡೆಲ್ಲ ನೆನೆದದ್ದು ಆ ಪಾತ್ರವನ್ನೇ. ಅವರೆದುರು ದಿನಾ ರಾತ್ರಿ ಬಿಜ್ಜಳನಾಗಿ, ಕೊಂಡಿ ಮಂಚಣ್ಣನಾಗಿ ನಿಂತು ಬೈಗುಳ ತಿಂದವರ ಹೆಸರು ಎಷ್ಟು ಜನರ ನೆನಪಿನಲ್ಲಿದೆ? ಬಸವಕಲ್ಯಾಣದ ಪರುಷ ಕಟ್ಟೆಯ ಮುಂದೆ ಹಾಯುವಾಗಲೆಲ್ಲ ನನಗೆ ಇದೇ ಯೋಚನೆ.

ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ಕನ್ನಡ ವೃತ್ತಿ ರಂಗಭೂಮಿಗೆ ಸುಗ್ಗಿಯ ಕಾಲ. ಗದಗಿನ ಕಡೆ ಗರುಡ ಸದಾಶಿವರಾಯರು, ಮೈಸೂರಿನ ಕಡೆ ಮಹಮ್ಮದ್ ಪೀರರು, ಊರಿಂದೂರಿಗೆ ಮುಕ್ಕಾಂ ಬದಲಿಸುತ್ತಿದ್ದ ಗುಬ್ಬಿ ವೀರಣ್ಣನವರು. ಕಂಪನಿಯೊಳಗೆ ನಟರನ್ನು ಕರೆಯುತ್ತಿದ್ದದ್ದೇ ಪಾರ್ಟಿನ ಮೇಲೆ: ರಾಜಪಾರ್ಟು, ಸ್ತ್ರೀಪಾರ್ಟು, ಹಾಸ್ಯದ ಪಾರ್ಟು, ರಾಕ್ಷಸ ಪಾರ್ಟು. ರಾಜಪಾರ್ಟಿನವನಿಗೆ ಕಂಠ ಇರಬೇಕು. ಒಂದು ಹಾಡಿಗೆ ಮೂರು ಸಲ ವನ್ಸ್ ಮೋರ್ ಬಂದರೆ ಅವನ ರಾತ್ರಿ ಸಾರ್ಥಕ. ರಾಕ್ಷಸ ಪಾರ್ಟಿನವನಿಗೆ ಆ ಸುಖವಿಲ್ಲ. ಅವನು ಮಾಡಬೇಕಾದದ್ದು ಕೊನೆಯ ಸಾಲಿನ ಜಮಖಾನದ ಮೇಲೆ ಕೂತ ಮಗು ತಾಯಿಯ ಸೆರಗು ಹಿಡಿಯುವಂತೆ ಮಾಡುವುದು. ಮೈಕು ಇಲ್ಲದ ಕಾಲ. ತಗಡಿನ ಥಿಯೇಟರು, ಗ್ಯಾಸ್ ದೀಪ, ಮುಖಕ್ಕೆ ಅರದಾಳ, ಇಂಗಳೀಕ. ಹಾರ್ಮೋನಿಯಂ ನಿಂತ ಕ್ಷಣದಲ್ಲಿ ಎದ್ದ ದನಿ ಬೀದಿಯ ಆಚೆಗೂ ಕೇಳಬೇಕು, ಒಂದಕ್ಷರವೂ ಒಡೆಯಬಾರದು. ಬೆಳಗಿನ ಜಾವದವರೆಗೆ ಹಾಗೆ ಗರ್ಜಿಸಿ, ಮರುದಿನ ರಾತ್ರಿ ಮತ್ತೆ ಗರ್ಜಿಸುವ ಗಂಟಲನ್ನು ಕಾಪಾಡಿಕೊಳ್ಳುವುದೇ ಒಂದು ವ್ರತ.

ಈ ವ್ರತ ಹಿಡಿದವರಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಒಬ್ಬರು. ಕೊಳ್ಳೇಗಾಲದ ಕಡೆಯ ಊರು. ಆಗ ಅದು ಮದ್ರಾಸ್ ಪ್ರಾಂತ್ಯದ ಪಾಲು. ಬಡತನದ ಮನೆ. ಗುಬ್ಬಿ ಕಂಪನಿಯಲ್ಲಿ ಅವರ ಹೆಸರು ನಿಂತದ್ದು ಹಿರಣ್ಯಕಶಿಪು, ರಾವಣನಂಥ ರೌದ್ರ ಪಾತ್ರಗಳಿಂದ. ಇಂದು ಅವರನ್ನು ನಾವು ರಾಜಕುಮಾರರ ತಂದೆ ಎಂದು ಗುರುತಿಸುತ್ತೇವೆ. ಹಾಗೆ ಗುರುತಿಸುವುದರಲ್ಲಿ ತಪ್ಪಿಲ್ಲ, ಆದರೆ ಅಷ್ಟಕ್ಕೇ ನಿಂತರೆ ಅನ್ಯಾಯ. ಏಕೆಂದರೆ 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಆ ಮಗ ಮುತ್ತುರಾಜ ಶಾಲೆಯಲ್ಲಿ ಹೆಚ್ಚು ದಿನ ಕೂರಲಿಲ್ಲ. ತಂದೆಯ ಬೆನ್ನ ಹಿಂದೆ ಕಂಪನಿಗೆ ಬಂದ, ಸಣ್ಣಪುಟ್ಟ ವೇಷ ಕಟ್ಟುತ್ತ ದೊಡ್ಡವನಾದ. ಮಾತಿನ ಏರಿಳಿತ, ಉಸಿರು ಹಿಡಿಯುವ ಬಗೆ, ಕಣ್ಣು ಹೊರಳಿಸುವ ಹದ, ಇವೆಲ್ಲಕ್ಕೂ ಆ ಹುಡುಗನಿಗೆ ಪಾಠಶಾಲೆ ಎಂದರೆ ಪಕ್ಕದ ಪರದೆಯ ಮರೆ. ಅಲ್ಲಿಂದ ಕಾಣುತ್ತಿದ್ದದ್ದು ಅಪ್ಪನ ಹಿರಣ್ಯಕಶಿಪು.

ಆ ಪಾತ್ರವನ್ನೇ ಸ್ವಲ್ಪ ಯೋಚಿಸಿ. ಪ್ರಹ್ಲಾದನ ಭಕ್ತಿಯ ಆಳವನ್ನು ನೋಡುವವರು ಅಳೆಯುವುದು ಹಿರಣ್ಯಕಶಿಪುವಿನ ಸಿಟ್ಟಿನಿಂದ. ಸಿಟ್ಟು ತೋರಿಕೆಯದಾದರೆ ಭಕ್ತಿಯೂ ತೋರಿಕೆಯದು. ಇನ್ನೊಂದು ಕಡೆ ಆ ಸಿಟ್ಟಿನ ತಳದಲ್ಲಿ ತಂದೆಯ ಕರುಳು ಮಿಡಿಯದಿದ್ದರೆ ಅವನು ಬರೀ ಗದ್ದಲದ ಮನುಷ್ಯ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯುವವನನ್ನು ನಾವು ‘ರಾಕ್ಷಸ ಪಾರ್ಟು’ ಎಂದು ಪಟ್ಟಿಯ ಕೆಳಗೆ ಬರೆದೆವು. ಕಥಾನಾಯಕನ ಪಾತ್ರಕ್ಕಿಂತ ಇದು ಕಷ್ಟದ್ದು ಎಂದೇ ನನ್ನ ನಂಬಿಕೆ.

1934 ಈ ನಟರ ಪಾಲಿಗೆ ದೊಡ್ಡ ವರ್ಷ. ಮಾರ್ಚಿನಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡಿತು; ಅದರ ರಾವಣ ಆರ್. ನಾಗೇಂದ್ರರಾಯರು, ಇಂದ್ರಜಿತು ಸುಬ್ಬಯ್ಯ ನಾಯ್ಡು, ಇಬ್ಬರೂ ರಂಗದ ಮೇಲೆ ಪಳಗಿದವರು. ಅದೇ ವರ್ಷ ಗುಬ್ಬಿ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಅದನ್ನು ಬರೆದವರು ಬಿ. ಪುಟ್ಟಸ್ವಾಮಯ್ಯನವರು. ಒಂದೇ ಕಂಪನಿಯ ನಂಟು, ಒಂದೇ ಹೆಸರು, ಇಬ್ಬರು ಬೇರೆ ಬೇರೆ ಮನುಷ್ಯರು: ಒಬ್ಬರು ಮಾತು ಬರೆದರು, ಇನ್ನೊಬ್ಬರು ಮಾತಿಗೆ ಗಂಟಲು ಕೊಟ್ಟರು. ನಾಟಕಕಾರ ಪುಟ್ಟಸ್ವಾಮಯ್ಯನವರು ಮುಂದೆ ಕಲ್ಯಾಣದ ಕಡೆಗೇ ಹೊರಳಿದರು. ಬಸವಣ್ಣ, ಬಿಜ್ಜಳರ ಕಾಲವನ್ನು ಹಿಡಿದು ಸಾಲು ಕಾದಂಬರಿ ಬರೆದು, ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕಂಪನಿ ನಾಟಕಕ್ಕೆ ಬರೆದ ಕೈಗೆ ಪ್ರತಿನಾಯಕನ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಆ ವರ್ಷಗಳಲ್ಲಿ ನಮ್ಮ ಈ ಕಲ್ಯಾಣವೇ ಬೇರೆ ದಿಕ್ಕಿನಲ್ಲಿತ್ತು. ನಿಜಾಮರ ರಾಜ್ಯ, ಕಚೇರಿಯಲ್ಲಿ ಉರ್ದು, ಮೇಲಿನ ಶಾಲೆಯಲ್ಲೂ ಉರ್ದು. ಆದರೆ ವೇಷದ ರುಚಿಗೆ ಈ ನೆಲದಲ್ಲಿ ಬರ ಇರಲಿಲ್ಲ. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ಪುರವಂತರು ಖಡ್ಗ ಹಿಡಿದು ದಕ್ಷಯಜ್ಞದ ಒಡಪು ಹೇಳುವುದನ್ನು ಕೇಳಿದವರಿಗೆ ರೌದ್ರ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೈಯೆಲ್ಲ ನಡುಗುತ್ತದೆ, ನುಡಿ ಮಾತ್ರ ನಡುಗುವುದಿಲ್ಲ. ಪುರವಂತ ಕಲಿತದ್ದೂ ಕಂಪನಿಯ ರಾಕ್ಷಸ ಪಾರ್ಟಿನವನು ಕಲಿತದ್ದೂ ಇದೇ ಹತೋಟಿ. ಹುಮನಾಬಾದಿಗೆ ತಾಗಿದ ಮಾಣಿಕನಗರದಲ್ಲಿ ದತ್ತಜಯಂತಿಗೆ ನಡೆಯುವ ಸಂಗೀತ ದರ್ಬಾರಿಗೆ ಎಲ್ಲೆಲ್ಲಿಯ ಗವಾಯಿಗಳೋ ಬಂದು ಸೇವೆ ಸಲ್ಲಿಸಿ ಹೋಗುತ್ತಾರೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ ಎರಡರಲ್ಲೂ ಪದ ಕಟ್ಟಿದವರು. ಹಾಡಿಗೂ ಆವೇಶಕ್ಕೂ ಕಿವಿ ಪಳಗಿದ ಸೀಮೆ ಇದು.

ಇನ್ನೂ ಹಿಂದಕ್ಕೆ, ಬಸವಣ್ಣನ ಕಾಲಕ್ಕೇ ಹೋದರೆ ಇಲ್ಲಿ ಸಿಗುವವರು ಬಹುರೂಪಿ ಚೌಡಯ್ಯ. ಹಲವು ವೇಷ ಹಾಕಿ ಆಡಿ ತೋರಿಸುವುದೇ ಅವರ ಕಾಯಕ. ನಗೆಯ ಮಾರಿತಂದೆಯ ಕಾಯಕ ಜನರನ್ನು ನಗಿಸುವುದು. ಇಬ್ಬರೂ ವಚನ ಬರೆದರು. ಚೌಡಯ್ಯನವರ ಅಂಕಿತ ‘ರೇಕಣ್ಣಪ್ರಿಯ ನಾಗಿನಾಥ’. ಮುಖಕ್ಕೆ ಬಣ್ಣ ಹಚ್ಚಿ ಹೊಟ್ಟೆ ಹೊರೆಯುವವನನ್ನು ಊರು ಹೊರಗಿಟ್ಟು ನೋಡುತ್ತಿದ್ದ ಕಾಲದಲ್ಲಿ ಶರಣರು ಅವನನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇದು ಸಣ್ಣ ಮಾತಲ್ಲ. ಎಂಟು ಶತಮಾನ ಕಳೆದ ಮೇಲೂ ಕಂಪನಿ ನಟನಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಿತ್ತು, ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಿದ್ದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರಂಥವರು ಬದುಕಿದ್ದು ಆ ತಾತ್ಸಾರದ ನಡುವೆಯೇ. ಸಿಕ್ಕದ್ದು ಅಲ್ಪ ಸಂಬಳ, ಕಂಪನಿ ಮನೆಯ ಊಟ, ಮುಂದಿನ ಮುಕ್ಕಾಮಿನ ಚಿಂತೆ.

ಮಗ ‘ಬೇಡರ ಕಣ್ಣಪ್ಪ’ನಾಗಿ ತೆರೆಯ ಮೇಲೆ ಬಂದದ್ದು 1954ರಲ್ಲಿ. ಅದನ್ನು ನೋಡಲು ತಂದೆ ಇರಲಿಲ್ಲ. ಐದು ವರ್ಷದ ನಂತರ ‘ಜಗಜ್ಯೋತಿ ಬಸವೇಶ್ವರ’ ಚಲನಚಿತ್ರ ಬಂತು. ಬಸವಣ್ಣನಾದವರು ಗುಬ್ಬಿ ಕಂಪನಿಯಲ್ಲೇ ಹಾಡಿ ಹೆಸರಾದ ಹೊನ್ನಪ್ಪ ಭಾಗವತರು. ಬಿಜ್ಜಳನಾದವರು ರಾಜಕುಮಾರ್. ಆ ಹೊತ್ತಿಗೆ ಅವರು ನಾಯಕನಟ. ಆದರೂ ಬಿಜ್ಜಳನ ಪಾರ್ಟನ್ನು ಒಪ್ಪಿಕೊಂಡರು. ಆ ಪಾರ್ಟು ಕೀಳು ಎಂದು ಆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲವಲ್ಲ. ಮುಂದೆ 1983ರಲ್ಲಿ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪುವಾಗಿ ಅವರು ಕಂಬದ ಮುಂದೆ ನಿಂತಾಗ ಕೇಳಿದ್ದು ಒಬ್ಬರ ದನಿಯಲ್ಲ. ಪುಟ್ಟಸ್ವಾಮಯ್ಯನವರನ್ನು ರಂಗದ ಮೇಲೆ ನೋಡುವ ಭಾಗ್ಯವಿಲ್ಲದ ನಮ್ಮಂಥವರಿಗೆ ಉಳಿದ ದಾರಿ ಅದೊಂದೇ.

ಈಗ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪ ಏಳುತ್ತಿದೆ. 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 770 ಅಮರಗಣಂಗಳ, ಅಂದರೆ ಶರಣರ, ನೆನಪಿಗೆ 770 ಕಂಬಗಳು ಎಂಬುದು ಅದರ ಯೋಜನೆ. ಕಂಬಗಳ ಜೊತೆಗೆ ಅಲ್ಲಿ ಕಂಪನಿ ನಾಟಕಕ್ಕೆ ತಕ್ಕ ಒಂದು ರಂಗವೂ ಬೇಕು ಎಂದು ನನ್ನ ಆಸೆ. ಪರದೆ ಏರಿಸುವಷ್ಟು ಎತ್ತರ, ಮೈಕಿಲ್ಲದೆ ದನಿ ಮುಟ್ಟುವಷ್ಟು ಅಳತೆ, ಬಣ್ಣದವರಿಗೆ ಕನ್ನಡಿ ನೀರು ಇರುವ ಒಂದು ಕೋಣೆ. ಅದಕ್ಕೆ ಬಹುರೂಪಿ ಚೌಡಯ್ಯನವರ ಹೆಸರಿಡಲಿ. ಹುಮನಾಬಾದಿನ ಪುರವಂತರು ಅಲ್ಲಿ ಮೊದಲ ಒಡಪು ಹೇಳಲಿ. ಬಸವಣ್ಣನ ನಾಟಕ ಆಡುವ ದಿನ ಹ್ಯಾಂಡ್‌ಬಿಲ್ಲಿನಲ್ಲಿ ಬಸವಣ್ಣನ ಪಾತ್ರಧಾರಿಯ ಹೆಸರಿನ ಸಮಕ್ಕೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಬಿಜ್ಜಳನ ಪಾತ್ರಧಾರಿಯ ಹೆಸರನ್ನೂ ಅಚ್ಚು ಹಾಕಲಿ.