ದೇವರಿಲ್ಲ ಅನ್ನೋರ ಮನೆ ಸಾವಿಗೆ ಯಾರು ಬರ್ತಾರೆ?

"ನಾಳೆ ನಿಮ್ಮನೇಲಿ ಏನಾದ್ರೂ ಆದ್ರೆ ಹೊರಾಕೆ ಯಾರವ್ವ ಬತ್ತಾರೆ?"

ನಮ್ಮ ದೊಡ್ಡಪ್ಪ ಈ ಪ್ರಶ್ನೆ ಕೇಳಿದ್ದು 2021ರಲ್ಲಿ, ಊರ ಹಬ್ಬದ ದಿನ. ತಂಬಿಟ್ಟಿನ ಆರತಿ ಹೊತ್ಕೊಂಡು ಹೋಗಲ್ಲ ಅಂತ ನಾನು ಹಟ ಹಿಡಿದಿದ್ದೆ. ಅವರು ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಚಿಂತೆಯಿಂದ ಕೇಳಿದ್ರು. ನಾನು ನಕ್ಕುಬಿಟ್ಟೆ. ಎರಡು ವರ್ಷ ಆದ ಮೇಲೆ ಅಪ್ಪ ತೀರಿಕೊಂಡಾಗ ಆ ಪ್ರಶ್ನೆ ನೆನಪಾಯ್ತು. ಆಗ ನಗು ಬರಲಿಲ್ಲ.

ನಮ್ಮೂರು ನಾಗಮಂಗಲ ಕಡೆಯದು. ರಾಗಿ, ತೆಂಗು, ಬೋರ್‌ವೆಲ್ ಸಾಲ. ನಾನು ದೇವರನ್ನು ಬಿಟ್ಟಿದ್ದು ಪುಸ್ತಕ ಓದಿ ಅಲ್ಲ. ನಾನು ಪಿಯುಸಿ ಓದುವಾಗ ಅಪ್ಪ ಮೂರು ಬೋರ್ ಕೊರೆಸಿದರು. ಮೂರು ಸಲವೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರು ಬಂದರು. ಮೂರು ಸಲವೂ ದೇವರ ಹತ್ತಿರ ಹೂ ಕೇಳಿದರು. ಮೂರು ಸಲವೂ ಬಲಗಡೆ ಹೂವಾಯ್ತು. ಮೂರರಲ್ಲೂ ಬಂದಿದ್ದು ಬರೀ ದೂಳು. ಮೂರನೇ ಸಲ ಲಾರಿಯವರು ಪೈಪ್ ಎತ್ತಿಕೊಂಡು ಹೋದ ಮೇಲೆ ಅಪ್ಪ ಆ ದೂಳಿನ ಗುಡ್ಡೆ ಪಕ್ಕ ಕೂತಿದ್ದರು. ದೇವರನ್ನು ಬೈಯಲಿಲ್ಲ. "ನಾವೇ ಏನೋ ತಪ್ಪು ಮಾಡಿರಬೇಕು" ಅಂದರು. ಸಾಲವೂ ಅವರ ತಲೆ ಮೇಲೆ, ತಪ್ಪೂ ಅವರ ತಲೆ ಮೇಲೆ. ನನ್ನ ನಂಬಿಕೆ ಅವತ್ತೇ ಹೋಯ್ತು.

ಎಂ.ಎ. ಓದೋಕೆ ಮೈಸೂರಿನ ಮಾನಸಗಂಗೋತ್ರಿಗೆ ಬಂದೆ. ಯೂನಿವರ್ಸಿಟಿ ಅಂದ್ರೆ ಎಲ್ಲರೂ ವಿಚಾರವಂತರು ಅಂದುಕೊಂಡಿದ್ದೆ. ಬಂದು ನೋಡಿದರೆ ಹಾಸ್ಟೆಲ್‌ನಲ್ಲಿ ಶುಕ್ರವಾರದ ಪೂಜೆ, ಗಣೇಶನಿಗೆ ರೂಮಿಗೆ ಇಷ್ಟು ಅಂತ ಚಂದಾ, ಆಯುಧಪೂಜೆಗೆ ಕಂಪ್ಯೂಟರಿಗೂ ಕುಂಕುಮ. ಅದು ತಪ್ಪು ಅಂತಲ್ಲ. ಆ ಪೂಜೆ, ಪ್ರಸಾದ, ರಂಗೋಲಿಯಲ್ಲೇ ಅವರೆಲ್ಲ ಗೆಳತಿಯರಾಗುತ್ತಿದ್ದರು. ಚಂದಾ ಕೊಡಲ್ಲ ಅಂದ ನಾನು ರೂಮಿನಲ್ಲಿ ಒಬ್ಬಳೇ ಉಳಿದೆ. "ಅವಳಿಗೆ ಸ್ವಲ್ಪ ಜಾಸ್ತಿ" ಅನ್ನೋ ಮಾತೂ ಕಿವಿಗೆ ಬಿತ್ತು.

ನಂಬಿಕೆ ಬಿಡೋದು ಒಂದು ದಿನದ ಕೆಲಸ. ಅದರ ಜೊತೆಗೆ ಹೋಗುವ ಜನರನ್ನು ಮತ್ತೆ ಸಂಪಾದಿಸೋದು ಬಹಳ ಕಷ್ಟ. ಇದು ನನಗೆ ಗೊತ್ತಿರಲಿಲ್ಲ.

ಆಮೇಲೆ ನನ್ನಂಥವರೇ ಮೂವರು ಸಿಕ್ಕಿದರು. ಭಾನುವಾರ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೇರೋಕೆ ಶುರು ಮಾಡಿದೆವು. ನಾಲ್ಕು ಜನ ಹನ್ನೆರಡಾಯ್ತು. ಹೆಸರಿಲ್ಲ, ಬ್ಯಾನರ್ ಇಲ್ಲ. ಕಡಲೆಕಾಯಿ ಮತ್ತು ಮಾತು ಅಷ್ಟೇ.

ಮಾತಿಗೆ ವಿಷಯ ಬೇಕಾದಷ್ಟಿತ್ತು. ನಾವು ಓದುತ್ತಿದ್ದ ಕ್ಯಾಂಪಸ್ಸೇ ಕುವೆಂಪು ಅವರು ಕುಲಪತಿಯಾಗಿದ್ದಾಗ ಕಟ್ಟಿದ್ದು. ಅವರು ದೇವರಿಲ್ಲ ಅಂದವರಲ್ಲ, ರಾಮಕೃಷ್ಣ ಆಶ್ರಮದಲ್ಲಿ ಇದ್ದವರು. ಆದರೆ ಮನುಷ್ಯನ ನಡುವೆ ಪುರೋಹಿತ, ಜಾತಿ ಬರಬಾರದು ಅಂದವರು. ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ದುಂದುವೆಚ್ಚವಿಲ್ಲದ ಮಂತ್ರಮಾಂಗಲ್ಯ ಮದುವೆಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ಇನ್ನು ಬೆಂಗಳೂರಿನಲ್ಲಿ ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಅಮೆರಿಕದಲ್ಲಿ ಭೌತಶಾಸ್ತ್ರದ ಪಿಎಚ್‌.ಡಿ. ಮಾಡಿ ಬಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ರಚಿಸಿದರು. ನಮ್ಮ ಸಂವಿಧಾನಕ್ಕೆ 51ಎ ವಿಧಿ ಸೇರಿದ್ದೂ 1976ರ ತಿದ್ದುಪಡಿಯಲ್ಲೇ. ವೈಜ್ಞಾನಿಕ ಮನೋಭಾವ, ಮಾನವೀಯತೆ ಬೆಳೆಸಿಕೊಳ್ಳೋದು ಪ್ರತಿ ನಾಗರಿಕರ ಕರ್ತವ್ಯ ಅಂತ ಅದು ಹೇಳುತ್ತೆ.

ಇದನ್ನೆಲ್ಲ ಮಾತಾಡಿ ನಾವು ಖುಷಿಯಾಗಿ ರೂಮಿಗೆ ಹೋಗುತ್ತಿದ್ದೆವು. ಒಂದು ದಿನ ಗೆಳೆಯನೊಬ್ಬ ಸುಮ್ಮನೆ ಕೂತಿದ್ದವನು ಬಾಯಿಬಿಟ್ಟ. ಅವನದು ದಲಿತ ಕೇರಿ. "ನೀವು ಗುಡಿಗೆ ಹೋಗೋದು ಬಿಟ್ಟವರು. ನಮ್ಮನ್ನ ಬಿಟ್ಟೇ ಇರಲಿಲ್ಲ. ನಿಮಗೆ ದೇವರಿಲ್ಲ ಅನ್ನೋದು ಚರ್ಚೆ. ನನಗೆ ಬೇಕಾಗಿರೋದು ಚರ್ಚೆ ಅಲ್ಲ. ರಜೆಗೆ ನಿಮ್ಮೂರಿಗೆ ಕರ್ಕೊಂಡು ಹೋಗ್ತೀರಾ? ನಿಮ್ಮ ಅಡುಗೆಮನೇಲಿ ಕೂತು ಉಣ್ಣಬಹುದಾ?"

ಯಾರೂ ತಕ್ಷಣ ಹೂಂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ಮೌನ ಇವತ್ತಿಗೂ ನನಗೆ ನಾಚಿಕೆ.

ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಸುದ್ದಿ ಓದಿದೆವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾದ್ರಿಗಳು, ರಬ್ಬಿಗಳು, ಇನ್ನೂ ಬೇರೆ ಬೇರೆ ಧರ್ಮದವರು ಸೇರಿ ನಲವತ್ತಕ್ಕೂ ಹೆಚ್ಚು ಜನ ಗುರುಗಳು ವಿದ್ಯಾರ್ಥಿಗಳ ಕಷ್ಟ ಸುಖ ಕೇಳೋಕೆ ಇದ್ದರು. ಅವರೆಲ್ಲ ತಮ್ಮ ಅಧ್ಯಕ್ಷರನ್ನಾಗಿ ಗ್ರೆಗ್ ಎಪ್‌ಸ್ಟೈನ್ ಅನ್ನುವವರನ್ನು ಆರಿಸಿದ್ದರು. ಅವರು ದೇವರನ್ನೇ ನಂಬದ ಮಾನವತಾವಾದಿ. ಧರ್ಮವಿಲ್ಲದ ವಿದ್ಯಾರ್ಥಿಗಳ ಜೊತೆಗಿರೋಕೆ ಅಂತ ಅಲ್ಲಿ 1970ರ ದಶಕದಿಂದಲೂ ಒಬ್ಬರು ಇದ್ದಾರೆ.

ನಮಗೆ ಹಿಡಿಸಿದ್ದು ಅಧ್ಯಕ್ಷಗಿರಿ ಅಲ್ಲ, ಆ ಕೆಲಸ. ದೇವರಿಲ್ಲ ಅಂತ ಭಾಷಣ ಮಾಡೋದು ಅದರ ಮುಖ್ಯ ಭಾಗ ಅಲ್ಲ. ಓದೋಕೆ ಬಂದ ಹುಡುಗನ ತಾಯಿಗೆ ಕಾಯಿಲೆ ಆದಾಗ, ಹುಡುಗಿಯೊಬ್ಬಳಿಗೆ ಬದುಕು ಬೇಡ ಅನ್ನಿಸಿದಾಗ, ಪಕ್ಕದಲ್ಲಿ ಕೂರೋದು. ನಮಗೆ ಅಂಥವರು ಯಾರೂ ಇರಲಿಲ್ಲ. ಹಾಗಾದ್ರೆ ನಾವೇ ಮಾಡಬೇಕು ಅಂತ ಮಾತಾಯ್ತು.

ಒಂದು ನೋಟ್‌ಬುಕ್ ತಂದೆವು. ಹೆಸರು, ಊರು, ಫೋನ್ ನಂಬರ್, ರಕ್ತದ ಗುಂಪು, ಬೈಕ್ ಇದೆಯಾ, ರಾತ್ರಿ ಎಷ್ಟೊತ್ತಿಗೆ ಕರೆದರೂ ಬರ್ತೀರಾ, ಎಲ್ಲ ಬರೆದೆವು. ಕೊನೆಯ ಕಾಲಂನಲ್ಲಿ "ಮನೆಗೆ ಕರ್ಕೊಂಡು ಹೋಗ್ತೀರಾ?" ಅಂತ ಬರೆದವನು ಆ ದಲಿತ ಗೆಳೆಯನೇ. ಹನ್ನೆರಡು ಜನರಲ್ಲಿ ಇಬ್ಬರು ಅದಕ್ಕೆ ಇಲ್ಲ ಅಂತ ಬರೆದು, ಆಮೇಲೆ ಬರೋದನ್ನೇ ಬಿಟ್ಟರು. ನಾನು ಹೌದು ಅಂತ ಬರೆದೆ. ದಸರಾ ರಜೆಗೆ ಅವನನ್ನು ಮನೆಗೆ ಕರ್ಕೊಂಡು ಹೋದೆ. ಅವ್ವ ಮೊದಲ ದಿನ ಜಗಲಿಗೆ ತಟ್ಟೆ ತಂದುಕೊಟ್ಟಳು. ನಾನೂ ನನ್ನ ತಟ್ಟೆ ತಗೊಂಡು ಜಗಲಿಗೇ ಬಂದೆ. ಅಪ್ಪ ಸುಮ್ಮನೆ ನೋಡಿದರು. ಆಮೇಲೆ ಅವರೂ ತಮ್ಮ ತಟ್ಟೆ ತಂದು ಕೂತರು. ಮಾರನೇ ದಿನ ಎಲ್ಲರೂ ಒಳಗೆ ಕೂತೆವು.

ಆ ನೋಟ್‌ಬುಕ್ ಕೆಲಸಕ್ಕೆ ಬಂತು. ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿ ಮೇಲೆ ರೋಗಿ ನೋಡಿಕೊಂಡಿದ್ದೀವಿ. ರಕ್ತ ಕೊಟ್ಟಿದ್ದೀವಿ. ಬೇರೆ ಬೇರೆ ಜಾತಿಯ ಇಬ್ಬರು ಗೆಳೆಯರು ಮದುವೆಯಾದಾಗ ಜೊತೆಗೆ ನಿಂತೆವು. ಮಂತ್ರಮಾಂಗಲ್ಯ ಮಾಡಿಕೊಂಡರೂ ರಿಜಿಸ್ಟರ್ ಮಾಡಿಸೋದನ್ನ ಮರೆಯಬಾರದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗೋದಾದ್ರೆ ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಅಂಟಿಸುತ್ತಾರೆ, 30 ದಿನ ಕಾಯಬೇಕು, ಮದುವೆ ದಿನ ಮೂವರು ಸಾಕ್ಷಿಗಳು ಬೇಕು. ಕಾಯ್ದೆಗೆ ಬೇಕಾಗಿದ್ದು ಮೂವರು ಸಾಕ್ಷಿಗಳು. ಆ 30 ದಿನ ಹೆದರಿಕೊಂಡಿದ್ದ ಆ ಇಬ್ಬರಿಗೆ ಬೇಕಾಗಿದ್ದು ಬಾಗಿಲಲ್ಲಿ ಮಲಗೋಕೆ ಹತ್ತು ಜನ. ಹತ್ತು ಜನವೂ ಇದ್ದೆವು.

2023ರಲ್ಲಿ ಅಪ್ಪ ಹೋದರು. ಹೊಲದಿಂದ ಬಂದವರು ಎದೆ ನೋವು ಅಂತ ಮಲಗಿದರು, ಏಳಲಿಲ್ಲ. ನಾನು ಮೈಸೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ನಾನು ಊರು ಮುಟ್ಟೋ ಹೊತ್ತಿಗೆ ರಾತ್ರಿ ಹನ್ನೊಂದು. ಬೆಳಗಿನ ಜಾವದಷ್ಟರಲ್ಲಿ ನಮ್ಮವರು ಒಬ್ಬೊಬ್ಬರೇ ಬಂದರು. ಒಟ್ಟು ಒಂಬತ್ತು ಜನ. ಯಾರಿಗೂ ನಾನು ಬಾ ಅಂದಿರಲಿಲ್ಲ. ನೋಟ್‌ಬುಕ್ ಇಟ್ಟುಕೊಂಡಿದ್ದವಳು ಫೋನ್ ಮಾಡಿದ್ದಳು.

ಬಂದವರು ಏನೂ ಭಾಷಣ ಮಾಡಲಿಲ್ಲ. ಇಬ್ಬರು ನೀರು ಹೊತ್ತರು. ಒಬ್ಬ ಶಾಮಿಯಾನ ಕಟ್ಟಿಸಿದ. ಮೂವರು ಗುಂಡಿ ತೆಗೆಯೋಕೆ ಹೋದರು. ಗೆಳತಿಯರು ಅವ್ವನ ಪಕ್ಕ ಕೂತರು. ಮಣ್ಣಿಗೆ ನಾನೂ ಬರ್ತೀನಿ ಅಂದೆ. ನಮ್ಮ ಕಡೆ ಹೆಂಗಸರು ಹೋಗಲ್ಲ. ಒಬ್ಬರು ಹಿರಿಯರು ಬೇಡ ಅಂದರು. ದೊಡ್ಡಪ್ಪ, "ಒಬ್ಬಳೇ ಮಗಳು, ಬರ್ಲಿ ಬುಡಿ" ಅಂದರು. ಹೋದೆ. ಮೂರು ಹಿಡಿ ಮಣ್ಣು ಹಾಕಿದೆ.

ಮೂರನೇ ದಿನ ಹಾಲು ತುಪ್ಪ ಆಯ್ತು. ಆಮೇಲೆ ಶುರುವಾಗಿದ್ದು ಜಗಳ. ಹನ್ನೊಂದನೇ ದಿನದ ತಿಥಿ ಬೇಡ ಅಂದೆ. ಬೋರ್ ಸಾಲವೇ ಇನ್ನೂ ತೀರಿಲ್ಲ, ಊರಿಗೆಲ್ಲ ಬಾಡೂಟ ಹಾಕೋಕೆ ಮತ್ತೆ ಸಾಲ ಯಾಕೆ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಸತ್ತ ಮೇಲೆ ಏನೂ ಇಲ್ಲ, ಎಡೆ ಇಟ್ರೆ ಅಪ್ಪ ಬಂದು ತಿನ್ತಾರಾ?" ಅಂದುಬಿಟ್ಟೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನ ಹಟಕ್ಕೆ ನನ್ನ ಗಂಡನ ತಿಥಿ ಬಲಿ ಕೊಡಬ್ಯಾಡ ಕಣ್ ಮಗ" ಅಂದಳು.

ನಾನು ಹಿತ್ತಲಿಗೆ ಹೋಗಿ ಅತ್ತೆ. ನಮ್ಮವರು ನನ್ನ ಪರ ಮಾತಾಡ್ತಾರೆ ಅಂದುಕೊಂಡಿದ್ದೆ. ಆದರೆ ಆ ದಲಿತ ಗೆಳೆಯ ಬಂದು ಕೇಳಿದ್ದು ಒಂದೇ ಮಾತು: "ಹಕ್ಕಿನ ದುಃಖ ನಿನಗೆ ಮಾತ್ರ ಇರೋದಾ?" ಉತ್ತರ ಹೊಳೆಯಲಿಲ್ಲ. ಬೋರ್ ಬತ್ತಿದಾಗ ತಪ್ಪೆಲ್ಲ ಅಪ್ಪನ ತಲೆಗೆ ಕಟ್ಟಿದ ನಂಬಿಕೆಯನ್ನು ನಾನು ಬಿಟ್ಟಿದ್ದೆ. ಈಗ ನಾನೇ ಅವ್ವನ ತಲೆಗೆ ಕಟ್ಟುತ್ತಿದ್ದೆ.

ತಿಥಿ ಮಾಡಿದೆವು. ಅವ್ವನೇ ಲೆಕ್ಕ ಹಾಕಿದಳು. ಹತ್ತಿರದ ನೆಂಟರು, ಕೇರಿಯವರು ಅಷ್ಟೇ. ಮುದ್ದೆ, ಕಾಳಿನ ಸಾರು, ಅನ್ನ, ಪಾಯಸ. ಸಾಲ ಮಾಡಲಿಲ್ಲ. ಕೆಲವರು ಬಾಡಿಲ್ಲ ಅಂತ ಗೊಣಗಿದರು, ಉಂಡು ಹೋದರು. ಎಡೆಗೆ ಅಪ್ಪನಿಗೆ ಇಷ್ಟವಾದ ಕಜ್ಜಾಯ ಮಾಡಿದ್ದು ನಾನೇ. ಅಪ್ಪ ಬಂದು ತಿನ್ನಲ್ಲ ಅಂತ ನನಗೆ ಗೊತ್ತು. ಅವ್ವನಿಗೆ ಬೇಕಿತ್ತು.

ಅವತ್ತು ಇನ್ನೊಂದು ಶಾಸ್ತ್ರ ಬಾಕಿ ಇತ್ತು. ಅವ್ವನ ಬಳೆ ಒಡೆಯೋದು. ವಯಸ್ಸಾದ ಹೆಂಗಸರು ಅವಳನ್ನು ಕರೆದುಕೊಂಡು ಹೋಗೋಕೆ ಬಂದರು. ಅವ್ವನ ಆಚೆ ಈಚೆ ನನ್ನ ಇಬ್ಬರು ಗೆಳತಿಯರು ಕೂತಿದ್ದರು. ಯಾರೂ ಏನೂ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಈ ಸಲ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಹೇಳಬೇಕಾದವಳು ಅವ್ವ.

ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. "ಕುಂಕುಮ ನಾನೇ ಅಳಿಸಿಕೊಂಡಿದ್ದೀನಿ. ಬಳೆ ನಮ್ಮಪ್ಪ ತೊಡಿಸಿದ್ದು, ಮದುವೆಗೆ ಮುಂಚೆ. ಇದು ಇರ್ಲಿ" ಅಂದಳು.

ಒಂದಿಬ್ಬರು ಮುಖ ಸಿಂಡರಿಸಿದರು. ಒಬ್ಬಜ್ಜಿ, ತನ್ನ ಬೋಳು ಕೈ ನೋಡಿಕೊಂಡು, "ಇರ್ಲಿ ಬುಡ್ರವ್ವ" ಅಂದಿತು. ಬಳೆ ಉಳಿದವು.

ಅವ್ವ ಇವತ್ತಿಗೂ ಸೋಮವಾರ ದೇವರಿಗೆ ದೀಪ ಹಚ್ಚುತ್ತಾಳೆ. ಅವಳು ನಮ್ಮ ಗುಂಪಿನವಳಲ್ಲ. ಆದರೆ ಮನುಷ್ಯರೇ ಮೊದಲು ಅನ್ನೋದನ್ನ ಅವತ್ತು ನನಗಿಂತ ಚೆನ್ನಾಗಿ ತಿಳಿದಿದ್ದವಳು ಅವಳೇ.

ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಊರಿನ ಮದುವೆಗಳಲ್ಲಿ ಆರತಿಗೆ ಅವ್ವನನ್ನು ಕರೆಯೋದು ನಿಲ್ಲಿಸಿದ್ದಾರೆ. ಅವಳು ಹಿಂದೆ ನಿಲ್ಲುತ್ತಾಳೆ. ಅದನ್ನು ನಾವು ಬದಲಿಸೋಕೆ ಆಗಿಲ್ಲ. "ತಿಥಿಗೆ ಹೋಗೋ ನಾಸ್ತಿಕರು ನೀವು" ಅಂತ ಬೈದು ಗೆಳೆಯನೊಬ್ಬ ಗುಂಪು ಬಿಟ್ಟ. ಅವನ ಮಾತಲ್ಲೂ ನ್ಯಾಯ ಇದೆ. ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಅಂತ ಪ್ರತಿ ಸಲ ಯೋಚಿಸಬೇಕು. ಜಾತಿ ವಿಷಯದಲ್ಲಿ, ಹೆಣ್ಣಿಗೆ ಅವಮಾನ ಮಾಡೋ ವಿಷಯದಲ್ಲಿ ನಾವು ಬಗ್ಗಲ್ಲ. ಅಳುವವರು ಹೇಗೆ ಅಳಬೇಕು ಅಂತ ಮಾತ್ರ ನಾವು ಹೇಳಲ್ಲ.

ಇನ್ನೊಂದು ಕಷ್ಟ ಅಂದ್ರೆ ಯೂನಿವರ್ಸಿಟಿ ಸಂತೆ ಇದ್ದ ಹಾಗೆ. ಎರಡು ವರ್ಷಕ್ಕೆ ಕೋರ್ಸ್ ಮುಗಿಯುತ್ತೆ, ಜನ ಚದುರುತ್ತಾರೆ. ಅದಕ್ಕೇ ಈಗ ನೋಟ್‌ಬುಕ್‌ನಲ್ಲಿ ಊರಿನ ಹೆಸರಿನ ಪ್ರಕಾರ ಪಟ್ಟಿ ಮಾಡಿದ್ದೀವಿ. ಓದು ಮುಗಿಸಿ ಊರಿಗೆ ಹೋದವರು ಆ ಕಡೆಯವರಿಗೆ ಆಗಬೇಕು.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಪ್ಪ ಆ ನೋಟ್‌ಬುಕ್ ಬಗ್ಗೆ ಕೇಳಿದರು. ಅವರು ಈಗಲೂ ನನ್ನನ್ನು ಗುಡಿಗೆ ಬಾ ಅಂತ ಕರೀತಾರೆ, ನಾನು ಈಗಲೂ ಹೋಗಲ್ಲ. "ನಮ್ ನಂಬರ್ನೂ ಬರ್ಕೊ. ನಾಗಮಂಗಲ ಕಡೆ ನಿಮ್ಮ ಹುಡುಗ್ರಿಗೆ ಏನಾರ ಆದ್ರೆ ಟೆಂಪೋ ತತ್ತೀನಿ" ಅಂದರು.

ಬರೆದುಕೊಂಡೆ. ದೇವರನ್ನು ನಂಬ್ತೀರಾ ಅಂತ ಕೇಳೋ ಕಾಲಂ ನಮ್ಮ ನೋಟ್‌ಬುಕ್‌ನಲ್ಲಿ ಮೊದಲಿಂದಲೂ ಇಲ್ಲ.